ಇಪ್ಪತ್ತೆರಡು ಸಲ ಕೆಟ್ಟ ಟೋಸ್ಟರ್

ಇದು ನಡೆದ ಕತೆ. ಸುಳ್ಳಾಗಿದ್ದರೆ ಅಂಕಿಗಳು ಇನ್ನೂ ಚೆನ್ನಾಗಿರುತ್ತಿದ್ದವು.

ನೆದರ್ಲೆಂಡ್ಸಿನ ಹಾರ್ಲಿಂಗೆನ್ ಬಂದರಿನ ಹಿಂದಿನ ಸಭಾಂಗಣದಲ್ಲಿ ನಮ್ಮ ಸಂಘ ಶನಿವಾರ ಬೆಳಿಗ್ಗೆ ಜನರ ಕೆಟ್ಟ ಸಾಮಾನುಗಳನ್ನು ಪುಕ್ಕಟೆ ರಿಪೇರಿ ಮಾಡುತ್ತದೆ. ಸಾಮಾನು ತಂದವರಿಗೆ ಕಾಫಿ, ಜೊತೆಗೆ ಒಂದೇ ಒಂದು ಬಿಸ್ಕತ್ತು. ರಿಪೇರಿಯ ಮಾಹಿತಿಯೆಲ್ಲ ಖಾಲಿ ಬಿಸ್ಕತ್ತು ಡಬ್ಬಿಯೊಳಗಿನ ಚೀಟಿಗಳಲ್ಲಿ. ವರ್ಷಕ್ಕೆ ಅರವತ್ತು ಬೇರೆ ಬೇರೆ ಸಾಮಾನು ರಿಪೇರಿಯಾದ ವರದಿ ಬರದಿದ್ದರೆ ಸಭಾಂಗಣ ಡಾರ್ಟ್ಸ್ ಆಡುವವರ ಪಾಲು ಎಂದು ನಗರಸಭೆ ಬರೆಯಿತು. ಅಧ್ಯಕ್ಷೆ ಹಿಲ್ಕೆ ಡಬ್ಬಿ ತಂದು ನನ್ನ ಮುಂದೆ ಕುಕ್ಕಿದಳು.

ಚೀಟಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದೆ. ಎಪ್ಪತ್ತೊಂದು. ಹಿಲ್ಕೆ ಕುಣಿಯುವುದರಲ್ಲಿದ್ದಳು. ಅಷ್ಟರಲ್ಲಿ ಹೆಸರಿನ ಪ್ರಕಾರ ಜೋಡಿಸಿದೆ.

“ಇದ್ರಲ್ಲಿ ಇಪ್ಪತ್ತೆರಡು ಒಂದೇ ಟೋಸ್ಟರು ಕಣೇ. ವೀಬೆಯವರದ್ದು.”

“ಅಷ್ಟು ಕೆಡುತ್ತಾ?”

“ಕೆಡಲ್ಲ, ಕೆಡಿಸ್ತಾರೆ. ಒಂದ್ಸಲ ವೈರು, ಒಂದ್ಸಲ ಸ್ಪ್ರಿಂಗು, ಆಮೇಲೆ ಗುಂಡಿ. ಹಡಗಿನ ಎಂಜಿನ್ ನೋಡ್ಕೊಂಡಿದ್ದ ಮನುಷ್ಯ, ಕೆಡಿಸೋದ್ರಲ್ಲೂ ಅಚ್ಚುಕಟ್ಟು.”

“ಒಂದು ಬಿಸ್ಕತ್ತಿಗಾ?”

“ಮಾತಾಡೋಕೆ ಜನ ಸಿಗ್ತಾರಲ್ಲ, ಅದಕ್ಕೆ. ಬಿಸ್ಕತ್ತೆಲ್ಲ ನಿನ್ನ ಲೆಕ್ಕಾಚಾರ.”

ಟೋಸ್ಟರನ್ನು ಒಂದೇ ಸಲ ಎಣಿಸಿದರೆ ಐವತ್ತು, ಇನ್ನೂ ಹತ್ತು ಬೇಕು. ವರ್ಷದಲ್ಲಿ ಉಳಿದದ್ದು ಒಂದೇ ಶನಿವಾರ, ರಿಪೇರಿ ಮಾಡುವವರು ಇಬ್ಬರೇ. ಡಬ್ಬಿಯ ತಳದಲ್ಲಿ ಇನ್ನೊಂದು ಕಟ್ಟು ಸಿಕ್ಕಿತು: ಸರದಿ ಸಿಗದೆ ವಾಪಸು ಹೋದವರ ಚೀಟಿಗಳು. ಶನಿವಾರ ಬನ್ನಿ ಎಂದು ಅವರಿಗೆಲ್ಲ ಫೋನ್ ಮಾಡಿದೆ. ಕೊನೆಗೆ, ಮೂಗು ಹಿಡಿದುಕೊಂಡು, ನಗರಸಭೆಯ ಗುಮಾಸ್ತನ ದನಿಯಲ್ಲಿ ವೀಬೆಯವರಿಗೆ.

“ನಿಮ್ಮ ಟೋಸ್ಟರ್ ಬಗ್ಗೆ ವಿಚಾರಣೆ ಇದೆ. ಶನಿವಾರ ಹತ್ತಕ್ಕೆ ಕರ್ಕೊಂಡು ಬನ್ನಿ.”

ಆ ಕಡೆಯಿಂದ ಮೆತ್ತಗೆ, “ವಕೀಲರು ಬೇಕಾಗುತ್ತಾ?”

“ಸ್ಕ್ರೂಡ್ರೈವರ್ ಸಾಕು.”

ಶನಿವಾರ ವೀಬೆಯವರು ಟೈ ಕಟ್ಟಿಕೊಂಡು ಬಂದರು, ಟೋಸ್ಟರ್ ಕಂಕುಳಲ್ಲಿ. ಎದುರಿಗೆ ರೇಡಿಯೊ, ದೀಪ, ಮಿಕ್ಸರ್ ಹಿಡಿದವರ ಸಾಲು. ರಿಪೇರಿ ಮೇಜಿನ ಖಾಲಿ ಕುರ್ಚಿಯ ಮುಂದೆ ಅವರದೇ ಹೆಸರಿನ ಚೀಟಿ.

“ಆರೋಪಿ ಕೂತ್ಕೊಳ್ಳಿ,” ಎಂದೆ, ಅದೇ ಮೂಗಿನ ದನಿಯಲ್ಲಿ.

“ಓ, ಫೋನಲ್ಲಿದ್ದ ಮೂಗು ನಿಂದಾ?” ಗುರಾಯಿಸಿದರು. ಆದರೆ ಕೈ ಆಗಲೇ ರೇಡಿಯೊದ ಬೆನ್ನು ಬಿಚ್ಚುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಅರವತ್ತು ತುಂಬಿತು. ಆ ಹತ್ತರಲ್ಲಿ ಏಳು ಅವರೇ ರಿಪೇರಿ ಮಾಡಿದ್ದು. ಹಿಲ್ಕೆ ಕಾಫಿಯ ಜೊತೆ ಎರಡು ಬಿಸ್ಕತ್ತು ಇಟ್ಟಳು. ಸಂಘದ ಇತಿಹಾಸದಲ್ಲೇ ಮೊದಲು. ನಾನು ಟೋಸ್ಟರಿನ ರೋಗಚರಿತ್ರೆಯ ಹಾಳೆ ಮುಂದಿಟ್ಟೆ. ಕನ್ನಡಕ ಒರೆಸಿ ಇಪ್ಪತ್ತೆರಡೂ ಸಾಲು ಓದಿದರು. ಒಂದು ಕಡೆ ಬೆರಳು ನಿಂತಿತು.

“ಹದಿನೇಳನೇದನ್ನ ಬೇರೆ ಬರ್ಕೋ ಕಣಮ್ಮ. ಅವತ್ತು ಅದು ನಿಜವಾಗ್ಲೂ ಕೆಟ್ಟಿತ್ತು.”

ಎಲ್ಲರೂ ನಕ್ಕೆವು. ಅವರ ನಗೆಗೆ ಮಾತ್ರ ಕಾಫಿ ಚೆಲ್ಲಿ ನನ್ನ ವರದಿ ತೊಯ್ದುಹೋಯಿತು.