ಸಂಜೆ ಯಾರ ಪಾಲಿಗೆ

ಅಪ್ಪನ ಮಾತು ಗುಬ್ಬಿಯನ್ನು ಬಿಟ್ಟರೆ ಇನ್ಯಾರಿಗೂ ಅರ್ಥವಾಗುತ್ತಿರಲಿಲ್ಲ. ಪಾರ್ಶ್ವವಾಯು ಹೊಡೆದ ಮೇಲೆ ಅವನ ಬಾಯಿಂದ ಹೊರಡುತ್ತಿದ್ದುದು ಪದಗಳಲ್ಲ, ಒದ್ದೆ ಬಟ್ಟೆ ಹಿಂಡಿದಂಥ ಸದ್ದು. ಅಕ್ಕ ಎದುರಿಗೆ ಕೂತು "ನೀರಾ? ದಿಂಬಾ? ಫ್ಯಾನಾ?" ಎಂದು ಒಂದೊಂದಾಗಿ ಕೇಳಿ ಸೋಲುತ್ತಿದ್ದಳು. ಅಷ್ಟರಲ್ಲಿ ಗುಬ್ಬಿ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು: "ಕಿಟಕಿ ಹಾಕು ಅಂತಿದಾನೆ ಕಣೇ. ಕುತ್ತಿಗೆಗೆ ಗಾಳಿ ಬಡೀತಿದೆಯಂತೆ."

ಗುಬ್ಬಿ ತಂಗಿ. ಪುಟ್ಟ ಆಳು, ಬಾಯಿಗೆ ಬಿಡುವಿಲ್ಲ, ಅದಕ್ಕೇ ಆ ಹೆಸರು. ಬೆಳಿಗ್ಗೆ ಒಂದು ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ದಾಗ ಮಾತು ಕಲಿಸುವ ಡಾಕ್ಟರಮ್ಮ ಅವಳನ್ನೇ ಗಮನಿಸುತ್ತಾ ಕೂತಿದ್ದು, "ಈ ಕಿವಿ ಎಲ್ಲರಿಗೂ ಇರಲ್ಲಮ್ಮ. ನಮ್ಮ ಸಂಜೆ ತರಬೇತಿಗೆ ಅರ್ಜಿ ಹಾಕು" ಎಂದಿದ್ದರು. ಎರಡು ವರ್ಷದ ತರಬೇತಿ. ಮುಗಿಸಿದವರನ್ನು ಆಸ್ಪತ್ರೆಗಳೇ ಕರೆದು ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದವು. ಗುಬ್ಬಿ ತಮಾಷೆಗೆಂದು ಹಾಕಿದ ಅರ್ಜಿಗೆ ಸೀಟು ಸಿಕ್ಕೇಬಿಟ್ಟಿತು. ಆ ವಾರದೊಳಗೆ ಸೇರಬೇಕು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತಿತ್ತು.

ತೊಡಕಿದ್ದುದು ಸಂಜೆಯದು. ಹಗಲು ಅಪ್ಪನನ್ನು ನೋಡಿಕೊಳ್ಳುವ ಹೆಂಗಸು ದೀಪ ಹಚ್ಚುವ ಹೊತ್ತಿಗೆ ಹೊರಟುಬಿಡುತ್ತಿದ್ದಳು, ಇನ್ನೊಬ್ಬಳನ್ನು ಇಟ್ಟುಕೊಳ್ಳುವ ಶಕ್ತಿ ಮನೆಗಿರಲಿಲ್ಲ. ಅಪ್ಪನಿಗೆ ಒಂಟಿಯಾಗಿ ನೀರು ಕುಡಿಯುವುದೂ ಅಪಾಯ. ಕೂರಿಸಿ, ಗದ್ದ ಕೆಳಗೆ ಮಾಡಿಸಿ, ಚಮಚ ಚಮಚವಾಗಿ ಕೊಡಬೇಕು. ನುಂಗಿದನೆಂದು ಗಂಟಲು ನೋಡಿಯೇ ಮುಂದಿನದು. ಯಾರಾದರೊಬ್ಬರು ಸಂಜೆ ಮನೆಯಲ್ಲಿರಲೇಬೇಕು. ಈವರೆಗೆ ಆ ಒಬ್ಬರು ಗುಬ್ಬಿ, ಏಕೆಂದರೆ ಅಕ್ಕ ಸಂಜೆ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪದವಿ ಓದುತ್ತಿದ್ದಳು. ಎರಡು ವರ್ಷ ಮುಗಿದು ಒಂದು ಉಳಿದಿತ್ತು. ವಿದ್ಯಾರ್ಥಿಗಳು ಸಾಲದೆಂದು ಈ ತಂಡದ ನಂತರ ಆ ವಿಭಾಗವನ್ನೇ ಮುಚ್ಚುವವರಿದ್ದರು. ದಿನ ಬಿಟ್ಟು ದಿನ ಬರಬಹುದೇ ಎಂದು ಅಕ್ಕ ಕಚೇರಿಯಲ್ಲಿ ಕೇಳಿದ್ದಳು. "ಅರ್ಧ ಹಾಜರಿಗೆ ಅರ್ಧ ಡಿಗ್ರಿ ಕೊಡೋಕಾಗುತ್ತೇನಮ್ಮ?" ಎಂದು ಗುಮಾಸ್ತ ನಕ್ಕಿದ್ದ.

ಭಾನುವಾರ ಮಧ್ಯಾಹ್ನ ಮಾತು ಅಪ್ಪನ ಮುಂದೆ ಬಂತು.

ಅಪ್ಪ ಗಾಜು ಕತ್ತರಿಸುವವನಾಗಿದ್ದ. ಗಾಜಿನ ಮೇಲೆ ಗೆರೆ ಎಳೆದ ಮೇಲೆ ಕೂಡಲೇ ಮುರಿಯಬೇಕು. ತಡಮಾಡಿದರೆ ಗೆರೆ ತಣ್ಣಗಾಗಿ ಗಾಜು ತನಗೆ ಬೇಕಾದ ಕಡೆ ಒಡೆಯುತ್ತದೆ. ಕಸುಬಿನ ಈ ಮಾತನ್ನು ಅವನು ಮನೆಗೂ ತಂದಿದ್ದ. ಎಲ್ಲರೂ ತಮ್ಮ ತಮ್ಮ ಮಾತು ಹೇಳಬಹುದು, ಕೊನೆಯ ಮಾತು ಅವನದು, ಅದು ಬಿದ್ದ ಮೇಲೆ ಮರುದಿನ ಬೆಳಿಗ್ಗೆಯೇ ಕೆಲಸ ಆಗಿಬಿಡಬೇಕು. ಅಮ್ಮ ಹೋದ ಮೇಲೆ ಹಳೆಯ ಬಾಡಿಗೆ ಮನೆ ಬಿಟ್ಟಿದ್ದು ಹಾಗೆ. ಅಕ್ಕನಿಗೆ ಬಂದಿದ್ದ ಸಂಬಂಧವನ್ನು ಬೇಡವೆಂದಿದ್ದೂ ಹಾಗೆಯೇ. ಅವನ ನಾಲಗೆ ಬಿದ್ದುಹೋದರೂ ಆ ಕಟ್ಟಳೆ ಬಿದ್ದಿರಲಿಲ್ಲ.

ಅಕ್ಕ ತನ್ನದನ್ನು ಹೇಳಿದಳು. ತಂಗಿಯದನ್ನೂ ತಾನೇ ಹೇಳಿದಳು, ಎಲ್ಲಿ ತನ್ನ ಕಡೆ ತಕ್ಕಡಿ ವಾಲುತ್ತದೋ ಎಂಬ ಭಯಕ್ಕೆ. ಹೇಳಿ ಮುಗಿಸಿದಾಗ ಯಾವುದು ಹೆಚ್ಚೆಂದು ಅವಳಿಗೇ ತಿಳಿಯದಂತಾಗಿತ್ತು.

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ತಾಳೆ ನೋಡಪ್ಪ," ಗುಬ್ಬಿ ಅಂದಳು. "ಇವಳು ಓದೋ ಶಾಸ್ತ್ರದಲ್ಲಿ ಹೀಗೇನಂತೆ. ಒಂದು ಕಡೆಯಿಂದ ನೋಡಿದ್ರೆ, ಇನ್ನೊಂದು ಕಡೆಯಿಂದ ನೋಡಿದ್ರೆ."

ಅಪ್ಪ ಇಬ್ಬರ ಮುಖವನ್ನೂ ನೋಡಿ ಏನೋ ಅಂದ. ಗುಬ್ಬಿ ತಲೆ ತಗ್ಗಿಸಿ ಕೇಳಿಸಿಕೊಂಡಳು.

"ಏನಂತೆ?"

"ಅಕ್ಕಂದು ಮುಗೀಲಿ ಅಂತಿದಾನೆ."

ಅಪ್ಪನ ಎಡಗೈ ಕುರ್ಚಿಯ ತೋಳನ್ನು ಬಡಿಯಿತು. ಇನ್ನೇನೋ ಹೇಳಹೋಗಿ ಎಂಜಲು ಗಂಟಲಿಗೆ ಸಿಕ್ಕಿ ಕೆಮ್ಮು ಹತ್ತಿತು. ಇಬ್ಬರೂ ಎದ್ದು ಅವನನ್ನು ಮುಂದಕ್ಕೆ ಬಗ್ಗಿಸಿ ಬೆನ್ನು ಹಿಡಿದರು. ಕೆಮ್ಮು ನಿಲ್ಲುವಷ್ಟರಲ್ಲಿ ಮಾತೂ ನಿಂತುಹೋಗಿತ್ತು. ಪಾತ್ರೆ ತೊಳೆಯಲು ಹೋದ ಗುಬ್ಬಿ ಆವತ್ತು ಯಾವ ಹಾಡನ್ನೂ ಗುನುಗಲಿಲ್ಲ.

ಮರುದಿನ ಅಕ್ಕ ಎಂದಿನಂತೆ ಅಂಗಡಿಗೆ ಹೋದಳು. ಅಪ್ಪ ದುಡಿದ ಗಾಜಿನ ಅಂಗಡಿಯಲ್ಲೇ ಅವಳಿಗೂ ಕೆಲಸ. ಬಂದವರ ಕಿಟಕಿ, ಕನ್ನಡಿ, ಮೇಜುಗಳ ಅಳತೆ ಬರೆದುಕೊಂಡು ಒಳಗೆ ಕಳಿಸುವುದು. ಪದವಿ ಮುಗಿಸಿದರೆ ಮಹಡಿಯ ಮೇಲೆ, ದರ ನಿಗದಿ ಮಾಡುವ ಕೋಣೆಯಲ್ಲಿ ಕೆಲಸ ಕೊಡುವುದಾಗಿ ಯಜಮಾನರು ಒಮ್ಮೆ ಅಂದಿದ್ದರು. ಎರಡು ವರ್ಷದಿಂದ ಅವಳು ಬಸ್ಸಿನಲ್ಲಿ ನಿಂತೇ ಓದುತ್ತಿದ್ದುದು ಆ ಒಂದು ಮಾತಿನ ಮೇಲೆ.

"ಏನ್ ಅರ್ಥಶಾಸ್ತ್ರಿಗಳೇ, ಮುಖ ಯಾಕೆ ಇಷ್ಟು ಅನರ್ಥವಾಗಿದೆ?" ಅಪ್ಪನ ಜೊತೆಗಾರನಾಗಿದ್ದ ಮೇಸ್ತ್ರಿ ಕೇಳಿದ.

ಅವಳು ಹೇಳಿದಳು. ಹೇಳಿ, "ಇನ್ನೊಂದು ವರ್ಷ ಅಷ್ಟೇ ಮಾವ. ಆಮೇಲೆ ಮೇಲೆ ಹೋಗ್ತೀನಲ್ಲ" ಎಂದಳು.

ಮೇಸ್ತ್ರಿ ಕೈಗವಸು ಬಿಚ್ಚಿದ. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ಬೇಡ. ಮೇಲಿನ ಕುರ್ಚೀಲಿ ಕೂತಿರೋದು ಯಾರು? ಯಜಮಾನರ ಭಾವಮೈದ. ಅವನು ಸ್ಕೂಲಲ್ಲಿ ಒಂದೊಂದು ಕ್ಲಾಸಲ್ಲೂ ಮೂರು ಮೂರು ವರ್ಷ ಕೂತೋನು. ನೀನು ಡಿಗ್ರಿ ಹಿಡ್ಕೊಂಡು ಹೋದ್ರೆ ಬನ್ನಿ ತಾಯಿ ಅಂತ ಎದ್ದು ನಿಲ್ತಾನಾ?"

"ಯಜಮಾನರೇ ಹೇಳಿದ್ರು."

"ಹೇಳಿದ್ರು. ನಿಮ್ಮಪ್ಪಂಗೂ ಏನೇನೋ ಹೇಳಿದ್ರು." ತಾನು ಹೆಚ್ಚು ಮಾತಾಡಿದೆನೆಂಬಂತೆ ಅವನು ಮತ್ತೆ ಕೈಗವಸು ಹಾಕಿಕೊಂಡ. "ಓದೋದೇನೂ ಕೆಟ್ಟದ್ದಲ್ಲ ಬಿಡು."

ಆ ಸಂಜೆ ಮೇಷ್ಟ್ರು ಮುಳುಗಿದ ವೆಚ್ಚದ ಪಾಠ ಮಾಡಿದರು. "ಸಿನಿಮಾ ಟಿಕೆಟ್ ತಗೊಂಡಿದ್ದೀರಿ. ಅರ್ಧಕ್ಕೇ ಸಿನಿಮಾ ಕೆಟ್ಟದಾಗಿದೆ ಅಂತ ಗೊತ್ತಾಯ್ತು. ಏನ್ ಮಾಡ್ತೀರಿ?"

"ಕೂತು ನಿದ್ದೆ ಮಾಡ್ತೀವಿ ಸಾರ್," ಹಿಂದಿನ ಬೆಂಚಿನ ಡ್ರೈವರ್ ಹೇಳಿದ. ತರಗತಿ ನಕ್ಕಿತು.

ಮೇಷ್ಟ್ರೂ ನಕ್ಕರು. "ಕೊಟ್ಟಿದ್ದು ಹೋಯ್ತು, ಕೂತ್ರೂ ಬರಲ್ಲ, ಎದ್ರೂ ಬರಲ್ಲ. ಅದನ್ನ ಮರೆತು, ಇಲ್ಲಿಂದ ಮುಂದೆ ಯಾವುದು ಲಾಭ ಅಂತ ಮಾತ್ರ ನೋಡ್ಬೇಕು."

ಅಕ್ಕನ ಪೆನ್ನು ನಿಂತಿತು. ಕಳೆದ ಎರಡು ವರ್ಷವನ್ನು ಮರೆತುಬಿಡಬಹುದಾದರೆ ಉಳಿಯುವುದಿಷ್ಟೇ: ಭಾವಮೈದ ಕೂತಿರುವ ಕುರ್ಚಿಗಾಗಿ ತನ್ನ ಇನ್ನೊಂದು ವರ್ಷ, ಬಾಗಿಲು ತೆರೆದು ಕರೆಯುತ್ತಿರುವ ಕೆಲಸಕ್ಕಾಗಿ ಗುಬ್ಬಿಯ ಎರಡು ವರ್ಷ. ಅವಳು ಎಡದಿಂದ ತೂಗಿದಳು, ಬಲದಿಂದ ತೂಗಿದಳು. ತಾನು ಎಲ್ಲೋ ತಪ್ಪಿದ್ದೇನೆ ಎಂದು ಎಂದಿನಂತೆ ಅನುಮಾನಪಟ್ಟು ಇನ್ನೊಮ್ಮೆ ತೂಗಿದಳು. ಪ್ರತಿ ಸಲವೂ ತಕ್ಕಡಿ ಗುಬ್ಬಿಯ ಕಡೆಗೇ ಬಾಗಿತು. ಎಷ್ಟೋ ತಿಂಗಳ ನಂತರ ಅವಳಿಗೆ ಒಂದು ವಿಷಯ ಖಚಿತವಾಗಿ ಗೊತ್ತಾಗಿತ್ತು. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಕೂರಲಾರದಷ್ಟು ಅವಸರವಾಯಿತು.

ಮನೆಯಲ್ಲಿ ಗುಬ್ಬಿ ಅಪ್ಪನಿಗೆ ಗಂಜಿ ಕೊಡುತ್ತಿದ್ದಳು. ಅಕ್ಕ ಚೀಲವನ್ನೂ ಇಳಿಸಲಿಲ್ಲ.

"ನೀನು ಹೋಗು ಗುಬ್ಬಿ. ಸಂಜೆ ನಾನಿರ್ತೀನಿ. ನಾನು ಬಿಡ್ತೀನಿ."

ಚಮಚ ಅರ್ಧದಲ್ಲೇ ನಿಂತಿತು. ಅಪ್ಪನ ಕಣ್ಣು ತುಂಬಿತು. ಅವನು ತಲೆ ಆಡಿಸಿದ, ಹೌದು, ಹೌದು ಎಂದು. ಎಡಗೈಯಿಂದ ಗುಬ್ಬಿಯ ಮೊಣಕೈ ಹಿಡಿದು ಅಲ್ಲಾಡಿಸಿದ. ಗಂಜಿ ಅವಳ ಮಡಿಲಿಗೆ ಚೆಲ್ಲಿತು.

"ನೋಡು, ಈಗ ಅಪ್ಪನೂ ಒಪ್ತಿದಾನೆ," ಅಕ್ಕ ನಕ್ಕಳು.

ಗುಬ್ಬಿ ನಗಲಿಲ್ಲ. "ಈಗಲ್ಲ. ನಿನ್ನೇನೇ ಒಪ್ಪಿದ್ದ."

"ಏನಂದೆ?"

"ನಿನ್ನೆ ಅವನು ಹೇಳಿದ್ದು ಗುಬ್ಬಿ ಹೋಗ್ಲಿ ಅಂತ."

ಅಕ್ಕ ಅಪ್ಪನ ಕಡೆ ನೋಡಿದಳು. ಅವನು ಕಣ್ಣು ಮುಚ್ಚಿಕೊಂಡಿದ್ದ.

"ಹಾಗಿದ್ರೆ ನಾಳೆ ಬೆಳಿಗ್ಗೆನೇ ಹೋಗಿ ಸೇರ್ಕೋ. ಇನ್ನೂ ವಾರ ಮುಗಿದಿಲ್ಲ."

"ಇವತ್ತು ಬೆಳಿಗ್ಗೆನೇ ಹೋಗಿ ಬೇಡ ಅಂತ ಬರೆದುಕೊಟ್ಟು ಬಂದೆ. ಪಟ್ಟೀಲಿ ನನ್ನ ಹಿಂದಿದ್ದ ಹುಡುಗಿ ಅಲ್ಲೇ ಕಾಯ್ತಿದ್ಲು. ಅಲ್ಲೇ ಸೇರಿಸ್ಕೊಂಡ್ರು. ಅವಳಮ್ಮ ನನ್ನ ಕೈ ಹಿಡ್ಕೊಂಡು ಅತ್ತೇಬಿಟ್ರು. ನಂಗೇ ನಾಚಿಕೆ ಆಯ್ತು."

"ಒಂದೇ ಒಂದು ದಿನ ಕಾಯೋಕಾಗ್ಲಿಲ್ವೇನೇ?"

"ಈ ಮನೇಲಿ ಯಾರು ಯಾವಾಗ ಕಾದಿದ್ದಾರೆ?" ಗುಬ್ಬಿ ಅಪ್ಪನ ಗದ್ದ ಒರೆಸಿದಳು. ಒರೆಸುತ್ತಲೇ ಹೇಳಿದಳು, ಅಕ್ಕನನ್ನು ನೋಡದೆ. "ನಿಂದು ಎರಡು ವರ್ಷ ಆಗಲೇ ಹೋಗಿದೆ. ನಂದು ಶುರುನೇ ಆಗಿಲ್ಲ. ಬಿಟ್ರೆ ಯಾರಿಗೆ ಜಾಸ್ತಿ ನಷ್ಟ ಹೇಳು? ನೀನೊಬ್ಳೇ ಅಲ್ಲ, ಅಷ್ಟು ಲೆಕ್ಕ ನಂಗೂ ಬರುತ್ತೆ."

ಆ ಲೆಕ್ಕ ತಪ್ಪೆಂದು ಅಕ್ಕನಿಗೆ ಗೊತ್ತಿತ್ತು. ಏಕೆ ತಪ್ಪೆಂಬುದೂ ಗೊತ್ತಿತ್ತು; ಅವಳ ಟಿಪ್ಪಣಿಯ ಶಾಯಿ ಇನ್ನೂ ಹೊಸದು. ಪರೀಕ್ಷೆಯಲ್ಲಿ ಕೇಳಿದ್ದರೆ ಪೂರ್ತಿ ಅಂಕ ಬರುವಂತೆ ಬರೆಯುತ್ತಿದ್ದಳು. ಆದರೆ ಗಂಜಿ ಮೆತ್ತಿದ ಮಡಿಲಿನ ಆ ಹುಡುಗಿಗೆ ಅದನ್ನು ಹೇಗೆ ಹೇಳುವುದು? ಸುಳ್ಳಾಡಿ ಬಿಟ್ಟುಕೊಟ್ಟದ್ದು ಸಾಲದೆಂದು, ಬಿಟ್ಟುಕೊಟ್ಟದ್ದೂ ದಂಡ ಎನ್ನುವುದೇ?

"ಹೌದು," ಎಂದಳು ಕೊನೆಗೆ. "ನೀನು ಹೇಳೋದು ಸರಿ."

"ಮತ್ತೆ? ನಾಳೆಯಿಂದ ಕ್ಲಾಸ್ ತಪ್ಪಿಸಿದ್ರೆ ಕಾಲು ಮುರೀತೀನಿ. ಇಬ್ರೂ ಮನೇಲಿ ಕೂತು ಅಪ್ಪನ ಒಂದೊಂದು ಭುಜ ಒತ್ತೋಣ ಅಂತಿದ್ದೀಯಾ?" ಗುಬ್ಬಿ ನಗಲು ಹೋದಳು. ಅದು ನಗುವಾಗಲಿಲ್ಲ. ಬಟ್ಟಲು ಹಿಡಿದು ಎದ್ದು ಒಳಗೆ ಹೋಗಿ ನಲ್ಲಿಯನ್ನು ಜೋರಾಗಿ ತಿರುಗಿಸಿದಳು. ಒಂದು ಬಟ್ಟಲಿಗೆ ಬೇಕಾದದ್ದಕ್ಕಿಂತ ಬಹಳ ಹೊತ್ತು ನೀರು ಸುರಿಯಿತು.

ಮಾರನೆಯ ದಿನ ಅಂಗಡಿಯಿಂದ ಬಂದು ಅಕ್ಕ ಪುಸ್ತಕ ಜೋಡಿಸಿಕೊಂಡಳು. ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದಾಗ ಕುರ್ಚಿಯಿಂದ ಅಪ್ಪ ಏನೋ ಅಂದ. ಉದ್ದದ ಮಾತು; ನಡುವೆ ಎರಡು ಕಡೆ ತಡೆದು, ಮತ್ತೆ ಹಿಡಿದು, ಮುಗಿಸಿದ.

"ಏನಂತೆ?"

ಗುಬ್ಬಿ ಅವನ ಕೊರಳಿಗೆ ಟವೆಲ್ ಸಿಕ್ಕಿಸುತ್ತಿದ್ದಳು. "ಹುಷಾರಾಗಿ ಹೋಗಿ ಬಾ ಅಂತಾನೆ."

ಅಷ್ಟು ಚಿಕ್ಕ ಮಾತಿಗೆ ಆ ಸದ್ದು ಉದ್ದವಾಗಿತ್ತು. ಅಕ್ಕ ಅಪ್ಪನ ಮುಖ ನೋಡಿದಳು. ಅವನೂ ಅವಳನ್ನೇ ನೋಡುತ್ತಿದ್ದ. ಇನ್ನೊಮ್ಮೆ ಕೇಳಬೇಕೆನಿಸಿತು, ಆದರೆ ಕೇಳಿದರೂ ಉತ್ತರ ಬರುವುದು ಅದೇ ಬಾಯಿಂದ.

"ಆಯ್ತಪ್ಪ," ಎಂದಳು, ಮತ್ತು ಮೆಟ್ಟಿಲಿಳಿದಳು.