ಗೋಡೆ ನಿಂತ ಜಾಗ

ಅವಳನ್ನು ತಂಡದಲ್ಲಿ ಎಲ್ಲರೂ ಗೋಡೆ ಎಂದೇ ಕರೆಯುತ್ತಿದ್ದರು. ಹೊಗಳಿಕೆಯಂತೆ ಕೇಳಿಸುತ್ತದೆ, ಅಲ್ಲವೇ? ಅವಳಿಗೂ ಮೊದಮೊದಲು ಹಾಗೇ ಕೇಳಿಸಿತ್ತು. ರಸ್ತೆಯ ಸೈಕಲ್ ಪಂದ್ಯದಲ್ಲಿ ಅರ್ಧ ಜಗಳ ಗಾಳಿಯ ಜೊತೆ. ಮುಂದಿರುವವಳು ಎದೆಯೊಡ್ಡಿ ಗಾಳಿಯನ್ನು ಸೀಳುತ್ತಾಳೆ, ಅವಳ ಬೆನ್ನಿಗೆ ಅಂಟಿಕೊಂಡವಳು ಮೈ ಉಳಿಸಿಕೊಂಡು ಬರುತ್ತಾಳೆ, ಕೊನೆಯಲ್ಲಿ ಹಿಂದಿದ್ದವಳೇ ನುಗ್ಗಿ ಗೆಲ್ಲುತ್ತಾಳೆ. ಗೋಡೆಯ ಕೆಲಸ ಮುಂದಿರುವುದು. ಹಿಂದೆ ಅಂಟಿಕೊಂಡು ಬರುತ್ತಿದ್ದವಳು ಅವಳ ಒಡಹುಟ್ಟಿದ ತಂಗಿ. ತಂಡಕ್ಕೆ ನಾಯಕಿ, ಮನೆಗೆ ಪುಟ್ಟಿ.

ಗೋಡೆ ಮೊದಲು ಟ್ರಯಥ್ಲಾನ್‌ನವಳು. ಈಜು, ಸೈಕಲ್, ಓಟ, ಮೂರೂ ಒಂದರ ಹಿಂದೊಂದು, ನಡುವೆ ಉಸಿರು ಬಿಡಲು ಪುರಸೊತ್ತಿಲ್ಲ. ಅವಳು ಆಡುತ್ತಿದ್ದ ಪಂದ್ಯಗಳಲ್ಲಿ ಯಾರ ಬೆನ್ನಿಗೂ ಅಂಟಿಕೊಳ್ಳುವಂತಿಲ್ಲ, ಯಾರಿಂದಲೂ ಒಂದು ಚಕ್ರ ಇಸಿದುಕೊಳ್ಳುವಂತಿಲ್ಲ. ಬಿದ್ದರೆ ತಾನೇ ಏಳಬೇಕು, ಪಂಚರ್ ಆದರೆ ತಾನೇ ಹಾಕಿಕೊಳ್ಳಬೇಕು. ಅದು ಅವಳಿಗೆ ಹೇಳಿ ಮಾಡಿಸಿದ ಆಟ. ಗೆದ್ದಳು, ಮತ್ತೆ ಮತ್ತೆ ಗೆದ್ದಳು. ಆಮೇಲೆ ಒಂದು ದಿನ ಹಿಮ್ಮಡಿ ಕೈಕೊಟ್ಟಿತು. ಡಾಕ್ಟರು ಎರಡು ಸಲ ಕೊಯ್ದು ಹೊಲಿದರೂ ಓಟ ವಾಪಸ್ ಬರಲಿಲ್ಲ. ಓಟವೇ ಹೋದ ಮೇಲೆ ಈಜನ್ನು ಇಟ್ಟುಕೊಂಡು ಮಾಡುವುದೇನು? ಸೈಕಲ್ ಒಂದು ಉಳಿಯಿತು. ಹಾಡಿ ಹೊಗಳುತ್ತಿದ್ದವರು ಫೋನ್ ಎತ್ತುವುದನ್ನೂ ಬಿಟ್ಟರು. ಆಗ ಪುಟ್ಟಿಯ ತಂಡದ ಮ್ಯಾನೇಜರ್ ತಾನಾಗಿಯೇ ಫೋನ್ ಮಾಡಿ ಕರೆದ. ಅವಳು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೇಬಿಟ್ಟಳು. ತನ್ನ ತೊಡೆಯ ಬಲ ನೋಡಿ ಕರೆದರು ಎಂದುಕೊಂಡಿದ್ದಳು, ಪಾಪ.

ನಿಜ ಗೊತ್ತಾದದ್ದು ಮೆಕ್ಯಾನಿಕ್‌ನ ಬಾಯಿಂದ. ಯಾವುದೋ ಹೋಟೆಲಿನ ಹಿಂಭಾಗ, ಕಾರು ನಿಲ್ಲಿಸುವ ಜಾಗ. ಅವನು ಸೈಕಲ್‌ಗಳನ್ನು ಸ್ಟ್ಯಾಂಡಿಗೆ ಏರಿಸಿ, ಸೋಪಿನ ನೀರಲ್ಲಿ ಚೈನು ತಿಕ್ಕುತ್ತ ಸುಮ್ಮನೆ ಮಾತಿಗೆ ಮಾತು ಬೆಳೆಸಿದ.

"ನಿಮ್ಮಿಬ್ಬರದ್ದು ನಂಗೆ ಒಂದೇ ಕೆಲಸ ಮೇಡಂ. ಒಂದು ಸಲ ಟೇಪ್ ಹಿಡಿದ್ರೆ ಎರಡು ಸೈಕಲ್ ಮುಗೀತು. ಅದಕ್ಕೇ ಅಲ್ವಾ ನಿಮ್ಮನ್ನ ತಗೊಂಡಿದ್ದು?"

"ಯಾವುದಕ್ಕೆ?"

"ಕಾಲಿಗೆ. ನಾಯಕಿ ಸೈಕಲ್ ಕೆಟ್ರೆ, ಹಿಂದಿಂದ ಬೇರೆ ಸೈಕಲ್ ಹೊತ್ತು ನಮ್ಮ ಕಾರು ಬರೋ ತನಕ ಕಾಯೋಕಾಗುತ್ತಾ? ಹತ್ರದಲ್ಲೇ ಅದೇ ಉದ್ದದ ಕಾಲಿನವಳು ಒಬ್ಬಳಿರಬೇಕು. ಇವಳು ಇಳೀಬೇಕು, ಅವಳು ಹತ್ತಬೇಕು. ಸೀಟು ಏರ್ಸೋದಿಲ್ಲ, ಇಳ್ಸೋದಿಲ್ಲ. ಮ್ಯಾನೇಜರ್ ಊರೂರು ಹುಡುಕಿದ್ರು. ಕೊನೆಗೆ ನೋಡಿದ್ರೆ ಮನೇಲೇ ಇದೆ!"

ಅವನ ಮನಸ್ಸಿನಲ್ಲಿ ಕೊಂಕಿರಲಿಲ್ಲ. ಒಳ್ಳೆ ಸುದ್ದಿ ಹೇಳುವವನಂತೆ ಹಲ್ಲು ಬಿಟ್ಟ. ಅವಳೂ ನಕ್ಕಳು, ರೂಮಿಗೆ ಹೋಗಿ ಶವರ್ ತಿರುಗಿಸಿ ಅದರ ಕೆಳಗೆ ಬಟ್ಟೆ ಸಮೇತ ನಿಂತಳು.

ಅಲ್ಲಿಂದ ಮುಂದೆ ಎಷ್ಟು ಸಲ ಸೈಕಲ್ ಬಿಟ್ಟುಕೊಟ್ಟಳೋ. ಪುಟ್ಟಿ ಪಂಚರ್ ಆದದ್ದನ್ನು ಅಕ್ಕನ ಕೈಗೆ ತುರುಕಿ ಅಕ್ಕನದನ್ನು ಹತ್ತಿ ಹೋಗುತ್ತಿದ್ದಳು. ಅಕ್ಕ ರಸ್ತೆ ಬದಿಯಲ್ಲಿ ಕಾರಿಗೆ ಕಾದು ಕೊನೆಯವಳಾಗಿ ಬಂದು ಮುಟ್ಟುತ್ತಿದ್ದಳು. ಅಮ್ಮನಿಗೆ ಹೇಳಿಕೊಂಡರೆ ಅಮ್ಮ ಫೋನಿನಲ್ಲೇ ನಕ್ಕಳು. "ತಂಗಿಗೆ ತಾನೇ ಕೊಟ್ಟಿದ್ದು? ಚಿಕ್ಕೋಳಿದ್ದಾಗ ನಿನ್ನ ಫ್ರಾಕೆಲ್ಲ ಅವಳೇ ಅಲ್ವೇನೇ ಹಾಕ್ಕೊಂಡಿದ್ದು? ಆಗೇನು ಸವೆದು ಹೋದ್ಯಾ?"

ಆ ವರ್ಷದ ಕೊನೆಯ ಪಂದ್ಯ ಬಂತು, ಹಲವು ದಿನಗಳದ್ದು. ದಿನಕ್ಕೊಬ್ಬಳು ಗೆಲ್ಲುತ್ತಾಳೆ, ಎಲ್ಲ ದಿನಗಳ ಹೊತ್ತು ಕೂಡಿಸಿ ಕೊನೆಗೆ ಎಲ್ಲರಿಗಿಂತ ಕಡಿಮೆ ಹೊತ್ತು ತೆಗೆದುಕೊಂಡವಳಿಗೆ ಕಪ್. ಕೂಡಿಸಿದ ಲೆಕ್ಕದಲ್ಲಿ ಮುಂದಿದ್ದವಳು ಪುಟ್ಟಿ, ಅದರ ಗುರುತಿಗೆ ಅವಳ ಮೈಮೇಲೆ ಹಳದಿ ಜೆರ್ಸಿ. ಅಕ್ಕನ ಒಪ್ಪಂದ ಆ ಪಂದ್ಯಕ್ಕೇ ಮುಗಿಯುವುದಿತ್ತು. ಕೊನೆಯ ದಿನ ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ಅವಳು ನಾಚಿಕೆ ಬಿಟ್ಟು ಮ್ಯಾನೇಜರ್‌ನನ್ನು ಕೇಳಿದಳು.

"ಸರ್, ನನ್ನ ಮುಂದಿನ ವರ್ಷದ್ದು?"

ಅವನು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. ತಲೆ ಎತ್ತಲಿಲ್ಲ. "ಈ ತಂಡಕ್ಕೆ ಬಂದ ಮೇಲೆ ಒಂದಾದ್ರೂ ಗೆದ್ದಿದ್ದೀಯೇನಮ್ಮ?"

"ಗೆಲ್ಲೋಕೆ ಬಿಟ್ರೆ ತಾನೇ?"

"ಸರಿ, ಇವತ್ತು ಬಿಟ್ಟೆ. ನಿನ್ನ ತಂಗಿ ಹತ್ರ ಬೇರೆಯವರಿರ್ತಾರೆ. ನೀನು ಮುಂದೆ ಓಡ್ಹೋಗು. ಗೆದ್ದು ತೋರ್ಸು, ರಾತ್ರಿನೇ ಸಹಿ ಹಾಕ್ತೀನಿ."

ಪಕ್ಕದಲ್ಲೇ ಪುಟ್ಟಿ ಕಿತ್ತಳೆ ಸುಲಿಯುತ್ತಿದ್ದಳು. "ಗೆಲ್ಲಕ್ಕ," ಎಂದಳು, ಕಣ್ಣು ಕಿತ್ತಳೆಯ ಮೇಲೇ ಇತ್ತು.

ಅಕ್ಕ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಖುಷಿಗೆ.

ಮೊದಲ ತಿರುವುಗಳಲ್ಲೇ ಅವಳು ಗುಂಪು ಬಿಟ್ಟು ಮುಂದೆ ಹೋದಳು. ಜೊತೆಗೆ ಬೇರೆ ತಂಡಗಳ ಇಬ್ಬರು ಬಂದರು. ಮಧ್ಯಾಹ್ನದವರೆಗೆ ಮೂವರೂ ಸರದಿಯಂತೆ ಗಾಳಿ ಸೀಳಿದರು. ಕೊನೆಯ ಗುಡ್ಡ ಕಾಣುವ ಹೊತ್ತಿಗೆ ಒಬ್ಬಳ ಉಸಿರು ತಿದಿಯಂತೆ ಏಳುತ್ತಿತ್ತು, ಇನ್ನೊಬ್ಬಳು ಇವಳ ತೊಡೆಯನ್ನೇ ಕದ್ದು ಕದ್ದು ನೋಡುತ್ತಿದ್ದಳು. ಹಾಗೆ ನೋಡುವವಳು ಸೋತವಳು. ಗುಡ್ಡದ ಬುಡದಲ್ಲಿ ಅಕ್ಕ ಸೀಟಿನಿಂದ ಎದ್ದು ತುಳಿದಳು. ಎರಡನೇ ತಿರುವಿನಲ್ಲಿ ಹಿಂದೆ ನೋಡಿದರೆ ಯಾರೂ ಇಲ್ಲ.

ಎಷ್ಟು ವರ್ಷವಾಗಿತ್ತು ಹೀಗೆ ಒಬ್ಬಳೇ ಇದ್ದು! ಬೆನ್ನಿಗೆ ಯಾರೂ ಅಂಟಿಲ್ಲ. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಅದನ್ನು ಅವಳು ಯಾರಿಗೋಸ್ಕರವೂ ತಡೆಯಬೇಕಾಗಿರಲಿಲ್ಲ. ಗುಡ್ಡದ ತುದಿ, ಆಚೆ ಇಳಿಜಾರು, ಇಳಿಜಾರಿನ ಕೊನೆಗೆ ಪಂದ್ಯ ಮುಗಿಯುವ ಗೆರೆ. ಅವಳು ಜೋರಾಗಿ ನಕ್ಕೇಬಿಟ್ಟಳು.

ಆಗ ಕಿವಿಯ ರೇಡಿಯೋ ಕಿರುಗುಟ್ಟಿತು. ಹಿಂದಿನ ಕಾರಿನಿಂದ ಮ್ಯಾನೇಜರ್.

"ಗೋಡೆ, ನಿಲ್ಲು! ನಿನ್ನ ತಂಗಿ ಬಿದ್ಲು. ಸೈಕಲ್ ಎರಡು ತುಂಡು. ಬಿದ್ದವರ ಹಿಂದೆ ನಮ್ಮ ಕಾರು ಸಿಕ್ಕಾಕ್ಕೊಂಡಿದೆ. ನಮ್ಮ ತಂಡದ ಆ ಕುಳ್ಳಿಯ ಸೈಕಲ್ ಇಸ್ಕೊಂಡು ಬರ್ತಿದ್ದಾಳೆ, ಮಂಡಿ ಗಲ್ಲಕ್ಕೆ ಬಡೀತಿದೆ. ನೀನು ನಿಂತು ನಿನ್ನದು ಕೊಡು."

"ಸರ್, ನಾನು ಗೆಲ್ತಿದ್ದೀನಿ."

"ಗೊತ್ತು. ನಿಲ್ಲು."

ಅವಳು ನಿಲ್ಲಲಿಲ್ಲ. ಕಿವಿಯಿಂದ ಅದನ್ನು ಕಿತ್ತೆಸೆದರೆ ಮುಗಿಯಿತು, ಕೇಳಿಸಲಿಲ್ಲ ಎಂದರಾಯಿತು. ಆದರೆ ಪುಟ್ಟಿಯ ಕಪ್ ಹೋಗುತ್ತದೆ. ಅಮ್ಮ ಸಾಯುವ ತನಕ ಅದನ್ನೇ ಆಡುತ್ತಾಳೆ. ತಂಗಿಯ ಕಪ್ ಕಳೆದವಳಿಗೆ ಈ ಮ್ಯಾನೇಜರ್ ಸಹಿ ಹಾಕಿಯಾನೇ? ಗೆಲುವನ್ನೇ ಬಿಟ್ಟುಕೊಟ್ಟವಳನ್ನು ಮಾತ್ರ ಯಾವ ಮುಖ ಇಟ್ಟುಕೊಂಡು ಹೊರಗೆ ಹಾಕುತ್ತಾನೆ? ಅವಳು ಹೀಗೆ ಲೆಕ್ಕ ಹಾಕಿದಳು. ಅಷ್ಟರಲ್ಲಿ ರೂಢಿ ಬಿದ್ದ ಕೈಗಳು ಬ್ರೇಕ್ ಹಿಡಿದಾಗಿತ್ತು.

ರಸ್ತೆ ಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಪಂದ್ಯ ನೋಡುತ್ತಿದ್ದ ಹೆಂಗಸು ಎದ್ದು ಬಂದಳು. "ಅಯ್ಯೋ, ಮುಂದಿದ್ದೋಳು ನೀನೇ ಅಲ್ವಾ? ಯಾಕಮ್ಮಾ ನಿಂತೆ, ಪಂಚರ್ರಾ?"

"ಇಲ್ಲ. ನನ್ನ ತಂಗಿ ಬರ್ತಿದ್ದಾಳೆ."

ಅವಳು ಹಿಂದೆ ಬಿಟ್ಟು ಬಂದಿದ್ದ ಇಬ್ಬರೂ ಏದುಸಿರು ಬಿಡುತ್ತ ದಾಟಿ ಹೋದರು. ಒಬ್ಬಳು ತಿರುಗಿ ತಿರುಗಿ ನೋಡಿದಳು, ತನ್ನ ಅದೃಷ್ಟವನ್ನು ತಾನೇ ನಂಬದವಳಂತೆ. ಅಕ್ಕ ಹಿಂದಿನ ಚಕ್ರ ಎತ್ತಿ, ಪೆಡಲ್ ತಿರುಗಿಸಿ ಹಗುರ ಗೇರಿಗೆ ಹಾಕಿಟ್ಟಳು. ಏರಿನಲ್ಲಿ ಹತ್ತಿದ ಕೂಡಲೇ ಪುಟ್ಟಿಗೆ ತುಳಿಯಲು ಕಷ್ಟವಾಗಬಾರದಲ್ಲ. ತನ್ನ ಎಂಜಲು ಬಾಟಲಿ ತೆಗೆದು, ಮುಚ್ಚಳ ಬಿಚ್ಚದಿದ್ದ ಬಾಟಲಿಯನ್ನು ಕೈಗೆ ಸಿಗುವಲ್ಲಿ ಇಟ್ಟಳು. ಸೀಟು ಹಿಡಿದು, ಸೈಕಲನ್ನು ರಸ್ತೆಯ ಕಡೆ ಚಾಚಿ ನಿಂತಳು.

"ಸರ್, ಎಲ್ಲಿದ್ದಾಳೆ?" ಸ್ವಲ್ಪ ಹೊತ್ತಿಗೆ ರೇಡಿಯೋದಲ್ಲಿ ಅವನ ಕೂಗು ಕೇಳಿಸಿತು: "ಬಾ, ಬಾ, ಬಾ! ಸೂಪರ್! ತುಳಿ!" ತನ್ನ ಹತ್ತಿರಕ್ಕೇ ಕರೆತರುತ್ತಿದ್ದಾನೆ ಎಂದುಕೊಂಡು ಅವಳು ಮೈ ಬಿಗಿ ಮಾಡಿದಳು.

ತಿರುವಿನಲ್ಲಿ ಗುಂಪು ಕಾಣಿಸಿತು. ನಡುವೆ ಹಳದಿ ಜೆರ್ಸಿ. "ಪುಟ್ಟೀ! ಇಲ್ಲಿ!" ಅವಳು ಕೈಯೆತ್ತಿ ಕೂಗಿದಳು. ಪುಟ್ಟಿ ಕೂತಿದ್ದು ಕುಳ್ಳಿಯ ಸೈಕಲ್ ಮೇಲಲ್ಲ, ಕಾರಿನ ಮೇಲೆ ಕಟ್ಟಿರುತ್ತಿದ್ದ ತನ್ನದೇ ಇನ್ನೊಂದು ಸೈಕಲ್ ಮೇಲೆ. ತಲೆ ತಗ್ಗಿಸಿ ತುಳಿಯುತ್ತಿದ್ದಳು. ಗುಂಪು ಬಂತು, ಗಾಳಿ ಎಬ್ಬಿಸಿತು, ಹೋಯಿತು.

"ಇದರಲ್ಲಿ ನಿನ್ನ ತಂಗಿ ಯಾರಮ್ಮ?" ಹೆಂಗಸು ಕೇಳಿದಳು.

"ಹೋದ್ಲು."

ಸಂಜೆ ತಂಡದ ಬಸ್ಸಿನ ಬಾಗಿಲಲ್ಲಿ ಮ್ಯಾನೇಜರ್ ತಲೆ ಚಚ್ಚಿಕೊಂಡ. "ಅಯ್ಯೋ ನನ್ನ ಕರ್ಮ! ಕಾರಿಗೆ ಹೆಂಗೋ ದಾರಿ ಸಿಕ್ತು ಕಣಮ್ಮ, ಅವಳಿಗೆ ಅವಳ ಸೈಕಲ್ಲೇ ಕೊಟ್ವಿ. ಅವಳ ರೇಡಿಯೋ ಬಿದ್ದಾಗಲೇ ಒಡೆದಿತ್ತು, ಕಿಟಕಿಯಿಂದ ಕೂಗಿ ಕೂಗಿ ಗಂಟಲು ಹೋಯ್ತು. ಆ ಗಡಿಬಿಡೀಲಿ ನಿಂಗೆ ಬೇಡ ಅಂತ ಹೇಳೋದೇ ಮರ್ತೆ."

"ಸಹಿ ಸರ್?"

ಅವನು ಅವಳ ಬೆನ್ನು ತಟ್ಟಿದ. "ಗೆದ್ದು ತೋರ್ಸು ಅಂದಿದ್ದೆ. ನಿಂತು ತೋರ್ಸು ಅಂದಿದ್ನಾ?" ಹೇಳಿದ ಮೇಲೆ ಅವನಿಗೇ ಅದು ಹಿಡಿಸಿತು. ಮೆಕ್ಯಾನಿಕ್ ಕಡೆ ತಿರುಗಿ ಇನ್ನೊಮ್ಮೆ ಹೇಳಿ ನಕ್ಕ.

ಬಸ್ಸಿನೊಳಗೆ ಪುಟ್ಟಿ ಕಪ್ಪನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಕೂತಿದ್ದಳು. ಮೊಣಕೈ ತರಚಿ ಮಾಂಸ ಕಾಣುತ್ತಿತ್ತು, ಗಾಯದಲ್ಲಿ ರಸ್ತೆಯ ಮಣ್ಣು. ಅಕ್ಕ ಔಷಧಿಯ ಪೆಟ್ಟಿಗೆ ತೆಗೆದು ಅವಳ ಎದುರು ಮಂಡಿಯೂರಿ, ಹತ್ತಿಯಿಂದ ಮೆಲ್ಲಗೆ ಒರೆಸತೊಡಗಿದಳು.

"ಅಕ್ಕ, ನೀನ್ಯಾಕೆ ಅಲ್ಲಿ ರೋಡ್ ಪಕ್ಕ ನಿಂತಿದ್ದೆ?"

ಅಕ್ಕ ಮುಖ ನೋಡಿದಳು. ಹುಡುಗಿಗೆ ನಿಜವಾಗಿಯೂ ಏನೂ ಗೊತ್ತಿರಲಿಲ್ಲ. ಹೇಳಬಹುದಿತ್ತು. ಹೇಳಿದರೆ ನಗುತ್ತಾಳೋ, ಅಯ್ಯೋ ಪಾಪ ಎನ್ನುತ್ತಾಳೋ. ಎರಡನ್ನೂ ತಡೆದುಕೊಳ್ಳುವ ಶಕ್ತಿ ಉಳಿದಿರಲಿಲ್ಲ.

"ಕಾಲು ಹಿಡ್ಕೊಂಡ್ಬಿಡ್ತು ಕಣೇ."

"ಅಷ್ಟೇ ಅಂದ್ಕೊಂಡೆ." ಪುಟ್ಟಿ ನಿಟ್ಟುಸಿರು ಬಿಟ್ಟು, ನೋವಿಲ್ಲದ ಕೈಯಿಂದ ಅಕ್ಕನ ತಲೆ ಸವರಿದಳು. "ಅದಕ್ಕೇ ನೋಡು, ಹೋದ ತಿಂಗಳೇ ನಾನು ಮ್ಯಾನೇಜರ್‌ಗೆ ಹೇಳ್ಬಿಟ್ಟೆ. ಮುಂದಿನ ವರ್ಷ ಅಕ್ಕ ಬೇಡ, ಬೇರೆಯವಳನ್ನ ನೋಡಿ ಅಂತ. ಆಗ್ಲೇ ಒಬ್ಬಳ ಹತ್ರ ಸಹಿನೂ ಹಾಕ್ಸಿದ್ದಾರೆ. ಬೇಜಾರು ಮಾಡ್ಕೋಬೇಡ, ನಿನ್ನ ಒಳ್ಳೇದಕ್ಕೇ ಹೇಳಿದ್ದು."

"ಹೂಂ," ಎಂದಳು ಅಕ್ಕ. ಹೊಸ ಹತ್ತಿ ತೆಗೆದು ಔಷಧಿಯಲ್ಲಿ ಚೆನ್ನಾಗಿ ಅದ್ದಿ, ಗಾಯದ ಮೇಲಿಟ್ಟು ಒತ್ತಿದಳು. ಪುಟ್ಟಿ ಕಿರುಚಿದಳು. ಅಕ್ಕ ಇನ್ನೂ ಒತ್ತಿ ಹಿಡಿದಳು, ಬಿಡಲಿಲ್ಲ.