ಏರಿನಲ್ಲಿ ನಿಂತ ಗಾಡಿ

ಕನ್ನಡಿಯಲ್ಲಿ ಹೊಗೆ, ಕಪ್ಪು ಹೊಗೆ, ಹಿಂದಿನ ರಸ್ತೆಯೇ ಕಾಣದಷ್ಟು — ಮೂರನೇ ಗೇರಿನಿಂದ ಎರಡಕ್ಕೆ ಇಳಿಸಿದಳು, ಕಾಲು ಪೂರ್ತಿ ಒತ್ತಿದಳು, ಗಾಡಿ ಕೂಗುತ್ತದೆ, ಏರುವುದಿಲ್ಲ, ಕನಸಿನಲ್ಲಿ ಓಡಿದ ಹಾಗೆ, ಖಾಲಿ ಗಾಡಿ, ಹಿಂದೆ ಒಂದು ಕುರ್ಚಿಯ ಭಾರವೂ ಇಲ್ಲ, ಇದೇ ಏರನ್ನು ಗಂಡ ಬೀರು, ಮಂಚ, ಹಾಸಿಗೆ ಸುರುಳಿ, ಒಂದು ಇಡೀ ಮನೆಯನ್ನೇ ಹೇರಿಕೊಂಡು ಹತ್ತಿಸುತ್ತಿದ್ದ, ಇಪ್ಪತ್ತು ವರ್ಷ ಜನರನ್ನು ಒಂದು ಬಾಡಿಗೆ ಮನೆಯಿಂದ ಇನ್ನೊಂದಕ್ಕೆ ಸಾಗಿಸಿದವನು, ಎಷ್ಟೋ ಜನರ ಸಂಸಾರ ಬೆನ್ನ ಮೇಲೆ ಹೊತ್ತಿದ್ದೀನಿ ಕಣೆ, ನಮ್ಮದು ಯಾವ ದೊಡ್ಡ ಭಾರ ಎನ್ನುತ್ತಿದ್ದವನು, ಈಗ ಎಡಗಡೆ ಸೀಟಿನಲ್ಲಿ ಬೆಲ್ಟು ಬಿಗಿಸಿಕೊಂಡು ಕೂತಿದ್ದಾನೆ, ಬಲಗೈ ತೊಡೆಯ ಮೇಲೆ ಯಾರೋ ಮರೆತುಹೋದ ಸಾಮಾನಿನಂತೆ ಬಿದ್ದಿದೆ, ಬಾಯಿಯ ಬಲ ಮೂಲೆ ಜೋತಿದೆ. ಲಕ್ವ ಹೊಡೆದು ಏಳು ತಿಂಗಳು, ಮಾತು ನಿಂತು ಏಳು ತಿಂಗಳು, ಉಳಿದದ್ದು ಎಡಗೈ, ಒಂದು ತಟ್ಟಿದರೆ ಹೌದು, ಎರಡು ತಟ್ಟಿದರೆ ಅಲ್ಲ, ನೀರು ಬೇಕಾ, ತಟ್, ದಿಂಬು ಎತ್ತರಿಸಲಾ, ತಟ್ ತಟ್, ದಿನವೆಲ್ಲ ಇಷ್ಟೇ ಸಂಭಾಷಣೆ, ಜಗಳಕ್ಕೂ ದಾರಿಯಿಲ್ಲ. ಮೀಟರಿನಲ್ಲಿ ಹಳದಿ ದೀಪ ಹತ್ತಿತು. ರಸ್ತೆಯ ಅಂಚಿಗೆ ಎಳೆದಳು, ನಿಲ್ಲಿಸಿದಳು, ಕೈಬ್ರೇಕು, ಇಳಿದು ಹಿಂದಿನ ಗಾಲಿಗೆ ಕಲ್ಲು — ಅದನ್ನೆಲ್ಲ ಇವನಿಗೆ ಲಕ್ವ ಹೊಡೆದ ಮೇಲೆ ಕಲಿಸಿದ್ದು ಗ್ಯಾರೇಜಿನ ಮೇಸ್ತ್ರಿ, ಗಂಡನ ಗೆಳೆಯ, ಗೇರು ಹಾಕೋದು ಅಂದ್ರೆ ಸೌಟು ತಿರುಗಿಸಿದ ಹಾಗಲ್ಲ ಅತ್ತಿಗೆ ಎಂದು ಬೈದೂ ಬೈದೂ ಕಲಿಸಿದ, ಕಲಿತಳು, ಮೂರು ಸಲ ಬಾಡಿಗೆಗೂ ಹೋದಳು, ಮೂರನೆಯ ಸಲ ಮನೆಗೆ ಬಂದಾಗ ಇವನು ಬಚ್ಚಲ ಬಾಗಿಲಲ್ಲಿ ಕವುಚಿ ಬಿದ್ದಿದ್ದ, ಎಷ್ಟು ಹೊತ್ತಿನಿಂದಲೋ, ಕೆನ್ನೆಯ ಮೇಲೆ ಹೊಸ್ತಿಲಿನ ಅಂಚು ಅಚ್ಚೊತ್ತಿತ್ತು, ಕಣ್ಣು ತೆರೆದೇ ಇತ್ತು. ಮಾರನೆಯ ದಿನವೇ ಹೋಗಿ ಮೇಸ್ತ್ರಿಗೆ ಹೇಳಿದಳು, ಯಾರಾದ್ರೂ ಗಿರಾಕಿ ಇದ್ರೆ ನೋಡಿ, ಇವರ ಕಿವಿಗೆ ಮಾತ್ರ ಹಾಕಬೇಡಿ. ಗಿರಾಕಿ ಸಿಕ್ಕಿದ. ಏರಿನ ಮೇಲಿರುವ ಇಟ್ಟಿಗೆ ಗೂಡಿನವನು. ಹನ್ನೊಂದಕ್ಕೆ ಕಾಯುತ್ತಾನೆ, ಗಾಡಿ ಇಟ್ಟುಕೊಂಡು ಇಬ್ಬರನ್ನೂ ಮನೆಗೆ ಬಿಡಿಸುತ್ತಾನೆ, ಮಾತು ಮುಗಿದಿದೆ, ಗಂಡನಿಗೆ ಹೇಳಿದ್ದು ಬೇರೆ, ಆಸ್ಪತ್ರೆಗೆ ಹೋಗೋಣ ರೀ, ಕೈಕಾಲಿಗೆ ವ್ಯಾಯಾಮ ಮಾಡಿಸ್ತಾರಂತೆ, ಶರ್ಟಿನ ಗುಂಡಿ ಹಾಕುತ್ತ ಹೇಳಿದ್ದಳು, ಗುಂಡಿ ನೋಡಿಕೊಂಡು, ಮುಖ ನೋಡದೆ.

ಬಾನೆಟ್ಟು ಎತ್ತಿದರೆ ಬಿಸಿ ಮುಖಕ್ಕೆ ರಾಚಿತು, ಇಷ್ಟೊಂದು ಪೈಪು, ಇಷ್ಟೊಂದು ವೈರು, ಯಾವುದಕ್ಕೆ ಏನಾಗಿದೆ, ತಲೆಬುಡ ತಿಳಿಯದು, ಬ್ರೇಕು ಹಿಡಿದುಕೊಂಡಿರಬಹುದೇ, ನಾಲ್ಕೂ ಗಾಲಿ ಸುತ್ತಿ ಮುಟ್ಟಿ ನೋಡಿದಳು, ಯಾವುದೂ ಸುಡುವುದಿಲ್ಲ, ಬ್ರೇಕಾ ರೀ, ತಟ್ ತಟ್. ಡೀಸೆಲ್ಲಿನಲ್ಲಿ ನೀರು ಸೇರಿದೆಯೇ, ಫಿಲ್ಟರಿನ ತಳದ ತಿರುಪು ಸಡಿಲಿಸಿ ಬಾಟಲಿಗೆ ಹಿಡಿದಳು, ಬಿಸಿಲಿಗೆತ್ತಿದಳು, ತಿಳಿಯಾಗಿದೆ, ಒಂದು ಹನಿ ನೀರಿಲ್ಲ, ಇದಾ ರೀ, ತಟ್ ತಟ್. ಗಾಳಿಯ ಫಿಲ್ಟರು ಬಿಚ್ಚಿ ಕಲ್ಲಿಗೆ ಬಡಿದಳು, ಧೂಳು ಕಣ್ಣಿಗೆ ಬಿತ್ತು, ಕೇಳುವ ಮೊದಲೇ ಒಳಗಿನಿಂದ ತಟ್ ತಟ್, ಮತ್ತೆ ತಟ್ ತಟ್ — ಮತ್ತೇನು ಅಂತ ಬಾಯಿಬಿಟ್ಟು ಹೇಳಿ ಹಾಗಾದ್ರೆ, ಅಂದುಬಿಟ್ಟಳು. ಅಂದದ್ದು ಅಂದಾಯಿತು. ಲಾರಿಯೊಂದು ಹೋಯಿತು, ಅದರ ಗಾಳಿಗೆ ಸೆರಗು ಹಾರಿತು, ಕಿಟಕಿಯ ಹತ್ತಿರ ಹೋದಳು, ಅವನಿಗೆ ಕೋಪವಿಲ್ಲ, ಅವನು ಕೆನ್ನೆ ಊದಿಸುತ್ತಿದ್ದಾನೆ. ಎಡಗೆನ್ನೆ ಉಬ್ಬುತ್ತದೆ, ಬಲಗಡೆ ನಿಲ್ಲುವುದಿಲ್ಲ, ಜೋತ ಮೂಲೆಯಿಂದ ಉಸಿರು ಸುಸ್ಸೆಂದು ಜಾರಿಹೋಗುತ್ತದೆ, ಜೊತೆಗೆ ಎಂಜಲು, ಗಲ್ಲದ ಮೇಲೆ ಇಳಿಯುತ್ತದೆ, ವಾಕರಿಕೆಯೇ, ನೀರೇ, ಒರೆಸಲು ಹೋದಳು, ಅವನು ತಲೆ ಕೊಸರಿದ, ಮತ್ತೆ ಊದಿದ, ಸುಸ್, ಮತ್ತೆ, ಕಣ್ಣು ಬಾನೆಟ್ಟಿನ ಕಡೆ, ಸುಸ್ — ಅಯ್ಯೋ, ಏರಿನಲ್ಲಿ ಕೇಳಿದ್ದೂ ಇದೇ, ಕಾಲು ಒತ್ತಿದಾಗಲೆಲ್ಲ ಹಾವು ಬುಸುಗುಟ್ಟಿದಂತೆ, ರಸ್ತೆಯ ಸದ್ದು ಅಂದುಕೊಂಡಿದ್ದಳು. ಗಾಳಿ ಸೋರ್ತಿದೆಯಾ? ತಟ್. ಆ ದಪ್ಪ ರಬ್ಬರ್ ಪೈಪಾ? ತಟ್, ಎಷ್ಟು ಜೋರಾಗಿ ತಟ್ಟಿದನೆಂದರೆ ಬಾಗಿಲಿನ ತಗಡು ನಡುಗಿತು.

ಇಂಜಿನ್ನಿಗೆ ಗಾಳಿ ಒತ್ತಿ ಕಳಿಸುವ ಪೈಪು, ಮೇಲಿನಿಂದ ಚೆನ್ನಾಗಿಯೇ ಇದೆ, ಬಟ್ಟೆ ಸುತ್ತಿಕೊಂಡು ತಳಭಾಗ ತಡವಿದಳು, ಎಣ್ಣೆ ಕೂಡಿದ ಧೂಳು ಅಂಟಿತು, ಪೈಪು ಬಾಗಿಸಿದಳು, ಸೀಳು ತೆರೆದುಕೊಂಡಿತು, ಬಿಟ್ಟರೆ ಮುಚ್ಚಿಕೊಳ್ಳುತ್ತದೆ, ಬಾಗಿಸಿದರೆ ತೆರೆಯುತ್ತದೆ, ಬೆರಳುದ್ದ. ಗಾಳಿ ಇಲ್ಲಿ ಹೋಗುತ್ತಿದೆ, ಸುಡಲು ಗಾಳಿ ಸಾಲದೆ ಡೀಸೆಲ್ಲು ಹೊಗೆಯಾಗುತ್ತಿದೆ, ಅಷ್ಟೇ ಕಥೆ, ಇಂಜಿನ್ನು ಗಟ್ಟಿಯಾಗಿಯೇ ಇದೆ. ಸೀಟಿನ ಕೆಳಗಿನ ಡಬ್ಬಿಯಲ್ಲಿ ಸೈಕಲ್ ಟ್ಯೂಬು, ಎಂದೋ ಅವನೇ ಪಟ್ಟಿ ಪಟ್ಟಿ ಕತ್ತರಿಸಿಟ್ಟದ್ದು, ಎಳೆದೆಳೆದು ಸುತ್ತಿದಳು, ಒಂದರ ಮೇಲೊಂದು, ತಂತಿ ಬಿಗಿದಳು, ಮುರಿದ ಕೈಗೆ ಕಟ್ಟುವಂತೆ, ಇಬ್ಬರ ನಡುವೆ ಎತ್ತಿದ ಬಾನೆಟ್ಟು, ಅವನ ಮುಖ ಇವಳಿಗೆ ಕಾಣದು, ಇವಳದು ಅವನಿಗೆ, ಅದಕ್ಕೇ ಬಾಯಿಗೆ ಬಂತೇನೋ. ರೀ, ಆಸ್ಪತ್ರೆಗಲ್ಲ ನಾವು ಹೋಗ್ತಿರೋದು. ಗಾಡಿ ಮಾರೋಕೆ. ತಂತಿ ಇನ್ನೊಂದು ಸುತ್ತು. ಗೊತ್ತಿತ್ತಾ ನಿಮಗೆ? ತಟ್. ಗೊತ್ತಿತ್ತು, ಆಸ್ಪತ್ರೆಯ ತಿರುವು ಬಿಟ್ಟು ನೇರ ಬಂದಾಗ ಒಮ್ಮೆ ತಿರುಗಿ ನೋಡಿದ್ದ, ಆಗಲೇ ಗೊತ್ತಿತ್ತು, ಇಪ್ಪತ್ತು ವರ್ಷ ಈ ಊರಿನ ರಸ್ತೆ ತಿಂದವನಿಗೆ ಗೊತ್ತಾಗದೇ, ಗೊತ್ತಿದ್ದೂ ಊದಿದ, ಎಂಜಲು ಸುರಿಸಿಕೊಂಡು, ಸುಮ್ಮನಿದ್ದಿದ್ದರೆ ಗಾಡಿ ಇಲ್ಲೇ ನಿಲ್ಲುತ್ತಿತ್ತು, ಹನ್ನೊಂದು ಕಳೆಯುತ್ತಿತ್ತು, ಕೆಟ್ಟ ಗಾಡಿ ಯಾರಿಗೆ ಬೇಕು, ಅವನದಾಗಿಯೇ ಉಳಿಯುತ್ತಿತ್ತು. ಬಾನೆಟ್ಟು ಮುಚ್ಚಿ, ಕೈ ಒರೆಸಿಕೊಂಡು ಹತ್ತಿದಳು. ಗಾಡಿ ಎದ್ದಿತು, ಎರಡು, ಮೂರು, ಕನ್ನಡಿಯಲ್ಲಿ ಬರೀ ರಸ್ತೆ, ಹೊಗೆಯಿಲ್ಲ, ಇಂಜಿನ್ನು ಏರನ್ನು ನುಂಗುತ್ತ ಹೋಯಿತು, ಓರೆಗಣ್ಣಲ್ಲಿ ನೋಡಿದಳು, ಅವನು ತಲೆ ವಾಲಿಸಿ ಆಲಿಸುತ್ತಿದ್ದಾನೆ, ಇನ್ನೆಲ್ಲಾದರೂ ಸೋರುತ್ತಿದೆಯೇ ಎಂದು, ಏಳು ತಿಂಗಳಲ್ಲಿ ಆ ಮುಖ ನೋಡಿರಲಿಲ್ಲ. ಮೇಲೆ ಬಂದರು. ಗೂಡಿನ ಚಿಮಣಿ, ಗೇಟಿನ ಹತ್ತಿರ ಛತ್ರಿ ಹಿಡಿದು ನಿಂತ ಮನುಷ್ಯ, ಕೈ ಬೀಸುತ್ತಿದ್ದಾನೆ. ಇಲ್ಲಿಂದಲೇ ತಿರುಗಿಸಿಬಿಡಬಹುದು, ರಸ್ತೆ ಅಗಲವಾಗಿದೆ, ಅವನು ಬೇಡ ಅಂದರೆ ತಿರುಗಿಸಿಬಿಡುತ್ತಾಳೆ, ಮುಂದಿನದು ಮುಂದೆ. ನಿಲ್ಲಿಸಿದಳು. ಕೊಟ್ಟುಬಿಡ್ಲಾ ರೀ? ಎಡಗೈ ಎದ್ದಿತು, ಬಾಗಿಲಿನ ಮೇಲೆ ಬಿತ್ತು, ತಟ್. ಇನ್ನೊಂದು ಬರುತ್ತದೆ, ಬಂದರೆ ಬೇಡ ಎಂದು, ಬರಲಿ, ಕಾದಳು, ಇಂಜಿನ್ನು ನಡೆಯುತ್ತಲೇ ಇದೆ, ಛತ್ರಿಯವನು ಹತ್ತಿರ ಬರುತ್ತಿದ್ದಾನೆ, ಕಾದಳು, ಕೈ ಅಲ್ಲೇ ಇದೆ, ಬಾಗಿಲಿನ ತಗಡಿನ ಮೇಲೆ, ಬೆರಳು ಅಗಲಿಸಿ, ಎರಡನೆಯ ಸಲ ಏಳದೆ, ಆ ಕೈ —